ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದೇ ಹೆಡರನ್ನು ನೂರು ಸಲ ಯಾಕೆ ಓದಿಸಬೇಕು?

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ ಮೇಲೆ ಇವೆ. ಸಿ++ ಪ್ರಾಜೆಕ್ಟ್ ಬಿಲ್ಡ್ ಆಗಲು, ಅಂದರೆ ಬರೆದ ಕೋಡು ಓಡುವ ಪ್ರೋಗ್ರಾಂ ಆಗಲು, ತುಂಬಾ ಹೊತ್ತು ಹಿಡಿಯುತ್ತದೆ, ಏನು ಮಾಡಲಿ ಅಂತ. ಹಾಗಾಗಿ ಈ ಸಲದ ಪುಟ ಪೂರ್ತಿ ಪ್ರಿಕಂಪೈಲ್ಡ್ ಹೆಡರಿಗೆ. ಹೆಡರು ಅಂದರೆ ಹಲವು ಕೋಡ್ ಫೈಲುಗಳು ಹಂಚಿಕೊಂಡು ಬಳಸುವ ಫೈಲು. ಪೈಥಾನ್, ಜಾವಾ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಅಡಿಕೆ ವ್ಯಾಪಾರಿಗಳಿಗೆ ತೂಕ, ದರ, ಬಿಲ್ಲು, ಬಾಕಿ ಎಲ್ಲ ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಸಿ++ ಮತ್ತು ಪರದೆಯ ಕಿಟಕಿ, ಬಟನ್ನು ಮಾಡಲು ಕ್ಯೂಟಿ ಲೈಬ್ರರಿ. ಈಗ ಕೋಡು ಬರೆದ 160 ಸಿಪಿಪಿ ಫೈಲು ಆಗಿವೆ, ಪೂರ್ತಿ ಬಿಲ್ಡ್ ಮಾಡಿದರೆ 11 ನಿಮಿಷ. ಲ್ಯಾಪ್‌ಟಾಪ್ 8 ಜಿಬಿಯದು, ಬ್ಯಾಟರಿ ಅರ್ಧ ಗಂಟೆ ಬಂದರೆ ಪುಣ್ಯ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗೆ ಅಂತ ನಿಮಗೇ ಗೊತ್ತು. ಗೆಳೆಯ ಒಬ್ಬ ಪ್ರಿಕಂಪೈಲ್ಡ್ ಹೆಡರ್ ಹಾಕು ಅಂದ. ಏನದು? ಹಾಕಿದರೆ ನಿಜವಾಗಿ ಉಪಯೋಗ ಆಗುತ್ತದಾ?

ಉತ್ತರ: ಆಗುತ್ತದೆ. ನಿಮ್ಮಂಥ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ಹಾಗಿದೆ ಅದು. ಆದರೆ ಒಳಗೆ ಏನು ನಡೆಯುತ್ತದೆ ಅಂತ ತಿಳಿಯದೆ ಹಾಕಿದರೆ ಬಿಲ್ಡ್ ಇನ್ನೂ ನಿಧಾನ ಆಗುವುದೂ ಉಂಟು. ಅದಕ್ಕೇ ಬುಡದಿಂದ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ.

ಬರೆದದ್ದನ್ನು ಕಂಪ್ಯೂಟರಿನ ಭಾಷೆಗೆ ಇಳಿಸುವ ಸಿ++ ಕಂಪೈಲರಿಗೆ ಒಂದು ಸಿಪಿಪಿ ಫೈಲು ಕೊಟ್ಟಾಗ ಪಕ್ಕದಲ್ಲಿ ಇನ್ನೊಂದು ಫೈಲು ಇದೆ ಅಂತಲೇ ಅದಕ್ಕೆ ಗೊತ್ತಿರುವುದಿಲ್ಲ. ಪ್ರತಿ ಫೈಲೂ ಅದಕ್ಕೆ ಹೊಸ ಲೋಕ. ನೀವು ಇನ್‌ಕ್ಲೂಡ್ ಅಂತ ಬರೆದ ಜಾಗಕ್ಕೆ ಆ ಹೆಡರಿನ ಪೂರ್ತಿ ಬರಹವನ್ನು ತಂದು ಅಂಟಿಸುತ್ತದೆ, ಆ ಹೆಡರು ಇನ್ನೊಂದನ್ನು ಕರೆದಿದ್ದರೆ ಅದನ್ನೂ, ಅದು ಮತ್ತೊಂದನ್ನು ಕರೆದಿದ್ದರೆ ಅದನ್ನೂ, ಹೀಗೆ ಕೊನೆ ಮುಟ್ಟುವ ತನಕ. ಐಒಸ್ಟ್ರೀಮ್ ಹೆಡರು ಒಂದನ್ನೇ ಸೇರಿಸಿದ ಐದು ಸಾಲಿನ ಪ್ರೋಗ್ರಾಂ ಕೂಡ ಲಿನಕ್ಸಿನ ಜಿಸಿಸಿ ಕಂಪೈಲರಿನಲ್ಲಿ ಬಿಚ್ಚಿಕೊಂಡರೆ 30 ಸಾವಿರ ಸಾಲಿನ ಆಸುಪಾಸು ಆಗುತ್ತದೆ. ನಂಬಿಕೆ ಬರದಿದ್ದರೆ ಜಿಸಿಸಿಯ ಸಿ++ ಆದೇಶವಾದ ಜಿ++ಗೆ ಡ್ಯಾಶ್ ದೊಡ್ಡ ಇ ಕೊಟ್ಟು, ಬಂದದ್ದನ್ನು ಎಣಿಸಿ ನೋಡಿ. ನಿಮ್ಮ 160 ಫೈಲೂ ತಲಾ ಅಷ್ಟೇ ಎಳೆದುಕೊಂಡವು ಅಂತ ಇಟ್ಟುಕೊಂಡರೂ 48 ಲಕ್ಷ ಸಾಲು ಆಯಿತು. ಕ್ಯೂಟಿ ವಿಜೆಟ್‌ಗಳ ಹೆಡರು ಇದರ ಮೇಲೆ. ನೀವು ಬರೆದದ್ದು ಎಷ್ಟಿದ್ದೀತು? ಒಂದು 40 ಸಾವಿರ ಸಾಲು? ಅಂದರೆ ನಿಮ್ಮ 11 ನಿಮಿಷದಲ್ಲಿ ದೊಡ್ಡ ಪಾಲು ಹೋಗುತ್ತಿರುವುದು ನೀವು ಬರೆಯದ, ನೀವು ಯಾವತ್ತೂ ಬದಲಿಸದ ಅದೇ ಹೆಡರುಗಳನ್ನು 160 ಸಲ ಓದಿ ಅರ್ಥ ಮಾಡಿಕೊಳ್ಳುವುದಕ್ಕೆ.

ನಮ್ಮ ಮನೆಗಳಲ್ಲಿ ಕಷಾಯ ಪುಡಿ ಮಾಡುತ್ತಾರಲ್ಲ, ನೆನಪು ಮಾಡಿಕೊಳ್ಳಿ. ನಮ್ಮನೆಯಲ್ಲಿ ಮಳೆ ಶುರುವಾಗುವ ಮೊದಲು ಒಂದು ದಿನ ಅಮ್ಮ ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಕಾಳುಮೆಣಸು ಎಲ್ಲ ಬೇರೆ ಬೇರೆ ಹುರಿಯುತ್ತಾರೆ. ಪ್ರತಿಯೊಂದಕ್ಕೂ ಬೇರೆ ಹದ. ಮೆಂತ್ಯ ಒಂದು ಚೂರು ಜಾಸ್ತಿ ಕೆಂಪಾದರೂ ಕಹಿ. ಆರಿದ ಮೇಲೆ ಬೀಸಿ, ಜರಡಿ ಹಿಡಿದು, ಬಿಗಿ ಮುಚ್ಚಳದ ಡಬ್ಬಿಗೆ. ಅವತ್ತು ಅರ್ಧ ದಿನ ಹೋಗುತ್ತದೆ. ಆಮೇಲೆ ಮೂರು ತಿಂಗಳು ಯಾರೇ ಬರಲಿ, ಒಂದು ಚಮಚ ಪುಡಿ, ನೀರು, ಬೆಲ್ಲ, ಹಾಲು, ಐದು ನಿಮಿಷದಲ್ಲಿ ಕಷಾಯ ತಯಾರು. ಪ್ರತಿ ಲೋಟಕ್ಕೂ ಹೊಸದಾಗಿ ಕೊತ್ತಂಬರಿ ಹುರಿಯುತ್ತ ಕೂತರೆ ಹೇಗಿರುತ್ತದೆ? ನಿಮ್ಮ ಕಂಪೈಲರು ಈಗ ಮಾಡುತ್ತಿರುವುದು ಅದನ್ನೇ.

ಪ್ರಿಕಂಪೈಲ್ಡ್ ಹೆಡರ್ ಅಂದರೆ ಆ ಡಬ್ಬಿ. ಎಲ್ಲ ಕಡೆ ಬೇಕಾಗುವ, ಬದಲಾಗದ ಹೆಡರುಗಳನ್ನು ಒಂದು ಫೈಲಿನಲ್ಲಿ ಸೇರಿಸಿ ಕಂಪೈಲರಿಗೆ ಒಂದೇ ಸಲ ಓದಿಸುತ್ತೀರಿ. ಅದು ಓದಿ ತನ್ನ ತಲೆಯೊಳಗೆ ಏನು ಕಟ್ಟಿಕೊಂಡಿತೋ ಅದನ್ನು ಹಾಗೇ ಡಿಸ್ಕಿಗೆ ಬರೆದಿಡುತ್ತದೆ. ಜಿಸಿಸಿಯಲ್ಲಿ ಆ ಫೈಲಿನ ಕೊನೆಗೆ ಜಿಸಿಎಚ್ ಅಂತ ಇರುತ್ತದೆ, ಕ್ಲ್ಯಾಂಗ್ ಮತ್ತು ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ಪಿಸಿಎಚ್ ಅಂತ. ಪ್ರಿಕಂಪೈಲ್ಡ್ ಹೆಡರಿಗೆ ಚಿಕ್ಕದಾಗಿ ನಾನೂ ಪಿಸಿಎಚ್ ಅಂತಲೇ ಅನ್ನುತ್ತೇನೆ. ಮುಂದೆ ಪ್ರತಿ ಸಿಪಿಪಿ ಫೈಲಿಗೂ ಅದನ್ನು ನೇರ ಮೆಮೊರಿಗೆ ಎತ್ತಿಕೊಳ್ಳುತ್ತದೆ. ಓದುವ ಕೆಲಸ ಇಲ್ಲ.

ಇನ್ನು ಹಾಕುವುದು ಹೇಗೆ. ಬಿಲ್ಡ್ ಹೇಗೆ ಆಗಬೇಕು ಅಂತ ಹೇಳಲು ನೀವು ಕ್ಯೂಟಿಯ ಕ್ಯೂಮೇಕ್ ಬಳಸುತ್ತಿದ್ದರೆ ಪ್ರೋ ಫೈಲಿನಲ್ಲಿ ಕಾನ್ಫಿಗ್‌ಗೆ ಪ್ರಿಕಂಪೈಲ್_ಹೆಡರ್ ಸೇರಿಸಿ, ಪ್ರಿಕಂಪೈಲ್ಡ್_ಹೆಡರ್ ಅನ್ನುವ ಕಡೆ ನಿಮ್ಮ ಫೈಲಿನ ಹೆಸರು ಕೊಡಿ, ಮುಗಿಯಿತು. ಕ್ಯೂಟಿಯವರ ಕೈಪಿಡಿಯ ಉದಾಹರಣೆಯಲ್ಲಿ ಆ ಫೈಲಿನ ಹೆಸರು ಸ್ಟೇಬಲ್.ಎಚ್. ನನಗೆ ಆ ಹೆಸರು ತುಂಬಾ ಇಷ್ಟ, ಒಳಗೆ ಏನು ಹಾಕಬೇಕು ಅಂತ ಹೆಸರೇ ಹೇಳುತ್ತದೆ. ಸಿಮೇಕ್ ಆದರೆ 2019ರಲ್ಲಿ ಬಂದ 3.16ರಿಂದ ಟಾರ್ಗೆಟ್_ಪ್ರಿಕಂಪೈಲ್_ಹೆಡರ್ಸ್ ಅನ್ನುವ ಆದೇಶ ಇದೆ. ಟಾರ್ಗೆಟ್ ಹೆಸರು, ಪ್ರೈವೇಟ್ ಅನ್ನುವ ಪದ, ಆಮೇಲೆ ಹೆಡರುಗಳ ಹೆಸರು. ಸಿಪಿಪಿ ಫೈಲುಗಳನ್ನು ಮುಟ್ಟುವುದೇ ಬೇಡ, ಅದೇ ಎಲ್ಲ ಫೈಲಿನ ಮೇಲೂ ಸೇರಿಸಿಕೊಳ್ಳುತ್ತದೆ.

ಒಳಗೆ ವೆಕ್ಟರ್, ಸ್ಟ್ರಿಂಗ್, ಮ್ಯಾಪ್, ಮೆಮೊರಿ, ಫಂಕ್ಷನಲ್ ಇಂಥವು ಹಾಕಿ. ಕ್ಯೂಸ್ಟ್ರಿಂಗ್, ಕ್ಯೂವಿಜೆಟ್, ಟೇಬಲ್ ವ್ಯೂ ತರಹ ನಿಮ್ಮ ಹೆಚ್ಚಿನ ಫೈಲುಗಳಲ್ಲಿ ಬರುವ ಕ್ಯೂಟಿ ಹೆಡರು ಹಾಕಿ. ಎರಡೇ ಫೈಲಿನಲ್ಲಿ ಬರುವ ಪ್ರಿಂಟರ್ ಹೆಡರು ಬೇಡ. ನಿಮ್ಮದೇ ಬಿಲ್ಲು, ಗ್ರಾಹಕ, ತೂಕದ ಹೆಡರು ಅಂತೂ ಬೇಡವೇ ಬೇಡ, ಅದರ ಕತೆ ಕೆಳಗೆ ಕುಮಟಾದವರ ಪ್ರಶ್ನೆಯಲ್ಲಿ ಬರುತ್ತದೆ.

ಹಾಕುವ ಮೊದಲು ಅಳತೆ ಮಾಡಿ. ಇದನ್ನು ಯಾರೂ ಮಾಡುವುದಿಲ್ಲ, ನೀವು ಮಾಡಿ. ಕ್ಲ್ಯಾಂಗ್ 9ರಿಂದ ಡ್ಯಾಶ್ ಎಫ್‌ಟೈಮ್-ಟ್ರೇಸ್ ಅನ್ನುವ ಆಯ್ಕೆ ಇದೆ, ಪ್ರತಿ ಆಬ್ಜೆಕ್ಟ್ ಫೈಲಿನ (ಒಂದು ಸಿಪಿಪಿ ಕಂಪೈಲ್ ಆಗಿ ಬರುವ ಫೈಲಿನ) ಪಕ್ಕ ಒಂದು ಜೇಸನ್ ಫೈಲು ಬರೆಯುತ್ತದೆ. ಅದನ್ನು ಕ್ರೋಮಿನ ಟ್ರೇಸಿಂಗ್ ಪುಟದಲ್ಲಿ ತೆರೆದರೆ ಯಾವ ಹೆಡರಿಗೆ ಎಷ್ಟು ಹೊತ್ತು ಹೋಯಿತು ಅಂತ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ನೀವು ಜಿಸಿಸಿ ಬಳಸುವವರಾದರೂ ಒಂದು ಸಲ ಕ್ಲ್ಯಾಂಗಿನಲ್ಲಿ ಬಿಲ್ಡ್ ಮಾಡಿ ನೋಡಿ, ಆ ಚಿತ್ರ ನೋಡಿದ ಮೇಲೆ ನಿಮಗೆ ಯಾರ ಸಲಹೆಯೂ ಬೇಕಾಗುವುದಿಲ್ಲ. ಹೆಡರು ಓದುವುದಕ್ಕೆ ಹೋಗುವ ಹೊತ್ತು ಮಾತ್ರ ಇದರಿಂದ ಉಳಿಯುತ್ತದೆ ಅನ್ನುವುದು ಗೊತ್ತಿರಲಿ. 11ರಲ್ಲಿ 6 ನಿಮಿಷ ಹೆಡರಿಗೆ ಹೋಗುತ್ತಿದ್ದರೆ ಉಳಿಯುವುದು ಆ 6ರೊಳಗೇ. ಟೆಂಪ್ಲೇಟ್ ಬಿಚ್ಚುವುದು, ಆಪ್ಟಿಮೈಸ್ ಮಾಡುವುದು, ಕೊನೆಗೆ ಎಲ್ಲವನ್ನೂ ಒಂದು ಪ್ರೋಗ್ರಾಂ ಆಗಿ ಲಿಂಕ್ ಮಾಡುವುದು, ಇವು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಅದಕ್ಕೇ ತಪ್ಪು ಹುಡುಕಲು ಮಾಡುವ ಡೀಬಗ್ ಬಿಲ್ಡಿನಲ್ಲಿ ಲಾಭ ಚೆನ್ನಾಗಿ ಕಾಣುತ್ತದೆ, ಪೂರ್ತಿ ಆಪ್ಟಿಮೈಸ್ ಮಾಡಿದ ರಿಲೀಸ್ ಬಿಲ್ಡಿನಲ್ಲಿ ಅಷ್ಟು ಕಾಣುವುದಿಲ್ಲ.

ನಿಮ್ಮ 8 ಜಿಬಿ ಬಗ್ಗೆ ಒಂದು ಮಾತು. ಕ್ಯೂಟಿ ಹಾಕಿದ ಪಿಸಿಎಚ್ ಫೈಲು ಹತ್ತಾರು ಎಂಬಿ ಸುಲಭವಾಗಿ ಆಗುತ್ತದೆ, ಕೆಲವೊಮ್ಮೆ ನೂರು ದಾಟುತ್ತದೆ. ಡ್ಯಾಶ್ ಜೆ 8 ಅಂತ ಎಂಟು ಕಂಪೈಲರು ಒಟ್ಟಿಗೆ ಓಡಿಸಿ, ಪಕ್ಕದಲ್ಲಿ ಬ್ರೌಸರಿನಲ್ಲಿ ಇಪ್ಪತ್ತು ಪುಟ ತೆರೆದಿಟ್ಟರೆ ಮೆಮೊರಿ ಸಾಲದೆ ಡಿಸ್ಕಿಗೆ ಹೋಗಿ ಬಂದು ಮಾಡುತ್ತದೆ, ಉಳಿಸಿದ್ದೆಲ್ಲ ಅಲ್ಲೇ ಹೋಯಿತು. 4ಕ್ಕೆ ಇಳಿಸಿ ನೋಡಿ. ಎಷ್ಟೋ ಸಲ ಹಾಗೇ ಬೇಗ ಮುಗಿಯುತ್ತದೆ.

ಕರೆಂಟಿನ ವಿಷಯ. ಬಿಲ್ಡ್ ನಡುವೆ ಲ್ಯಾಪ್‌ಟಾಪ್ ಪಕ್ಕನೆ ಆರಿದರೆ ಅರ್ಧ ಬರೆದ ಫೈಲು ಉಳಿದುಬಿಡಬಹುದು. ಅದರ ಸಮಯ ಹೊಸದಾಗಿರುವುದರಿಂದ ಬಿಲ್ಡ್ ನಡೆಸುವ ಮೇಕ್ ಅದನ್ನು ಸರಿಯಾದದ್ದು ಅಂತಲೇ ಅಂದುಕೊಳ್ಳುತ್ತದೆ. ಸಾಮಾನ್ಯ ಆಬ್ಜೆಕ್ಟ್ ಫೈಲಾದರೆ ಲಿಂಕ್ ಮಾಡುವಾಗ ಗೊತ್ತಾಗುತ್ತದೆ. ಹಾಳಾದದ್ದು ಪಿಸಿಎಚ್ ಆಗಿದ್ದರೆ ಎಲ್ಲ ಫೈಲಿನಲ್ಲೂ ಅರ್ಥ ಆಗದ ಎರರ್ ಬರುತ್ತದೆ, ನೀವು ನಿಮ್ಮ ಕೋಡಿನಲ್ಲಿ ತಪ್ಪು ಹುಡುಕುತ್ತ ಕೂರುತ್ತೀರಿ. ಹೋದ ವರ್ಷ ಆಷಾಢದಲ್ಲಿ ಒಂದು ಸಂಜೆ ಪೂರ್ತಿ ನಾನು ಹಾಗೆ ಹುಡುಕಿದ್ದೇನೆ. ಕರೆಂಟು ಹೋಗಿ ಬಂದ ಮೇಲೆ ಮೊದಲು ಸೊನ್ನೆ ಬೈಟಿನ ಫೈಲು ಇದೆಯಾ ನೋಡಿ, ಅನುಮಾನ ಇದ್ದರೆ ಪಿಸಿಎಚ್ ಒಂದನ್ನು ಅಳಿಸಿ ಮತ್ತೆ ಮಾಡಿಸಿ. ಒಂದು ನಿಮಿಷದ ಕೆಲಸ.

ಪ್ರಶ್ನೆ: ಮೇಡಂ, ಕಾರವಾರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಬೈತಖೋಲದ ಮೀನುಗಾರಿಕೆ ದೋಣಿಗಳ ಡೀಸೆಲ್ ಮತ್ತು ಐಸ್ ಲೆಕ್ಕ ಇಡುವ ಪ್ರಾಜೆಕ್ಟ್ ನಮ್ಮದು. ವಿಷುಯಲ್ ಸ್ಟುಡಿಯೋದಲ್ಲಿ ಹೊಸ ಫೈಲು ಸೇರಿಸಿದರೆ ಸಿ1010 ಅನ್ನುವ ಎರರ್ ಬರುತ್ತದೆ. ಗೆಳೆಯರು ಮೊದಲ ಸಾಲಿನಲ್ಲಿ ಪಿಸಿಎಚ್.ಎಚ್ ಹಾಕು ಅಂದರು, ಹಾಕಿದೆ, ಹೋಯಿತು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಹಳೇ ವಿಡಿಯೋಗಳಲ್ಲಿ ಎಸ್‌ಟಿಡಿಎಎಫ್‌ಎಕ್ಸ್.ಎಚ್ ಅಂತ ಬೇರೇನೋ ಇದೆ. ಎರಡೂ ಒಂದೇನಾ?

ಉತ್ತರ: ಎರಡೂ ಒಂದೇ. ವಿಷುಯಲ್ ಸ್ಟುಡಿಯೋ 2017 ಮತ್ತು ಅದಕ್ಕೂ ಹಿಂದಿನ ಕಾಲದಲ್ಲಿ ಹೊಸ ಪ್ರಾಜೆಕ್ಟ್ ಮಾಡಿದರೆ ಎಸ್‌ಟಿಡಿಎಎಫ್‌ಎಕ್ಸ್.ಎಚ್ ಅಂತ ಸಿಗುತ್ತಿತ್ತು, 2019ರಿಂದ ಪಿಸಿಎಚ್.ಎಚ್ ಅಂತ ಸಿಗುತ್ತದೆ. ಹೆಸರಿಗೆ ಏನೂ ಮಹಿಮೆ ಇಲ್ಲ, ನೀವು ಬೇರೆ ಹೆಸರೂ ಇಡಬಹುದು.

ಯಾಕೆ ಅಂತ ಕೇಳಿದಿರಲ್ಲ, ಅದು ಒಳ್ಳೆಯ ಪ್ರಶ್ನೆ. ಎರರ್ ಹೋಯಿತು ಸಾಕು ಅಂತ ಬಿಡದೆ ಕೇಳಿದ್ದು ನನಗೆ ಖುಷಿ ಆಯಿತು. ಆ ಪ್ರಾಜೆಕ್ಟಿನಲ್ಲಿ ಪಿಸಿಎಚ್.ಸಿಪಿಪಿ ಅನ್ನುವ ಒಂದು ಪುಟ್ಟ ಫೈಲು ಇದೆ, ಡಬ್ಬಿ ತುಂಬುವುದು ಅದು. ಅದರ ಪ್ರಾಪರ್ಟೀಸ್‌ನಲ್ಲಿ ಕ್ರಿಯೇಟ್ ಅಂತ ಇರುತ್ತದೆ, ಅಂದರೆ ವೈಸಿ ಆಯ್ಕೆ. ಉಳಿದ ಎಲ್ಲದಕ್ಕೂ ಯೂಸ್ ಅಂತ ಇರುತ್ತದೆ, ಅಂದರೆ ವೈಯು. ಯೂಸ್ ಅಂತ ಇದ್ದಾಗ ಕಂಪೈಲರು ನಿಮ್ಮ ಫೈಲನ್ನು ಮೇಲಿನಿಂದ ನೋಡುತ್ತ ಪಿಸಿಎಚ್.ಎಚ್ ಇನ್‌ಕ್ಲೂಡ್ ಆಗಿರುವ ಸಾಲನ್ನು ಹುಡುಕುತ್ತದೆ. ಅದು ಸಿಕ್ಕಿದ ಕೂಡಲೇ ಬರೆದಿಟ್ಟದ್ದನ್ನು ಎತ್ತಿಕೊಂಡು ಮುಂದಿನ ಸಾಲಿನಿಂದ ಕೆಲಸ ಶುರು ಮಾಡುತ್ತದೆ. ಫೈಲು ಮುಗಿದರೂ ಆ ಸಾಲು ಸಿಗದಿದ್ದರೆ ಸಿ1010.

ಇದರಲ್ಲಿ ಒಂದು ಗುಂಡಿ ಇದೆ, ಹುಷಾರು. ಆ ಸಾಲಿನ ಮೇಲೆ ಏನೇ ಬರೆದಿದ್ದರೂ ಕಂಪೈಲರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೀವು ಮೇಲೆ ಒಂದು ಡಿಫೈನ್ (ಮ್ಯಾಕ್ರೋ ಮಾಡುವ ಸಾಲು, ಅಂದರೆ ಒಂದು ಹೆಸರಿಗೆ ಅರ್ಥ ಕೊಡುವುದು) ಬರೆದು, ಕೆಳಗೆ ಪಿಸಿಎಚ್.ಎಚ್ ಹಾಕಿದರೆ ಆ ಡಿಫೈನ್ ಇಲ್ಲದ ಹಾಗೇ. ಕಣ್ಣೆದುರಿಗೇ ಬರೆದಿದ್ದೀರಿ, ಆದರೂ ಕೆಲಸ ಮಾಡುವುದಿಲ್ಲ. ಹಾಗಾಗಿ ಪಿಸಿಎಚ್.ಎಚ್ ಯಾವಾಗಲೂ ಮೊದಲನೇ ಸಾಲು. ವಿಂಡೋಸ್.ಎಚ್ ಬೇಕಿದ್ದರೆ ಅದನ್ನು ಪಿಸಿಎಚ್ ಒಳಗೇ ಹಾಕಿ, ಅದಕ್ಕೂ ಮೇಲೆ ವಿನ್32_ಲೀನ್_ಆಂಡ್_ಮೀನ್ ಅಂತ ಡಿಫೈನ್ ಮಾಡಿ, ಬೇಡದ್ದು ಎಷ್ಟೋ ಕಡಿಮೆ ಆಗುತ್ತದೆ.

ಇನ್ನೊಂದು. ಬೇರೆಯವರ ಸಿ ಫೈಲು, ಉದಾಹರಣೆಗೆ ಎಸ್‌ಕ್ಯೂಲೈಟ್‌ನ ಒಂದೇ ದೊಡ್ಡ ಸಿ ಫೈಲು ತಂದು ಸೇರಿಸಿದರೆ ಅದರ ಮೇಲೆ ಪಿಸಿಎಚ್.ಎಚ್ ಹಾಕಲು ಹೋಗಬೇಡಿ. ಸಿ++ಗೆ ಮಾಡಿದ ಪಿಸಿಎಚ್ ಸಿಗೆ ನಡೆಯುವುದಿಲ್ಲ, ಸಿ1853 ಬರುತ್ತದೆ. ಆ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ನಾಟ್ ಯೂಸಿಂಗ್ ಅಂತ ಆರಿಸಿ. ಬೇರೆಯವರ ಕೋಡನ್ನು ತಿದ್ದದೆ ಇಡುವುದು ಯಾವತ್ತೂ ಒಳ್ಳೆಯದು.

ಪ್ರಶ್ನೆ: ಕುಮಟಾದಿಂದ. ಪ್ರಿಕಂಪೈಲ್ಡ್ ಹೆಡರ್ ಹಾಕಿದ ಮೇಲೆ ಪೂರ್ತಿ ಬಿಲ್ಡ್ 9 ನಿಮಿಷದಿಂದ 4ಕ್ಕೆ ಇಳಿಯಿತು. ಖುಷಿಯಲ್ಲಿ ನಮ್ಮ ಪ್ರಾಜೆಕ್ಟಿನ ಎಲ್ಲ ಹೆಡರುಗಳನ್ನೂ ಅದರೊಳಗೆ ಹಾಕಿದೆ, 3ಕ್ಕೆ ಬಂತು. ಆದರೆ ಈಗ ಯಾವ ಹೆಡರಿನಲ್ಲಿ ಒಂದು ಸಾಲು ಬದಲಿಸಿದರೂ ಪೂರ್ತಿ 3 ನಿಮಿಷ. ಮೊದಲು 20 ಸೆಕೆಂಡಿನಲ್ಲಿ ಆಗುತ್ತಿತ್ತು. ಎಲ್ಲಿ ತಪ್ಪಿದೆ?

ಉತ್ತರ: ತಪ್ಪಿದ್ದು ಖುಷಿಯಲ್ಲಿ ಹಾಕಿದ್ದೇ. ಮೊದಲಿನ 4 ನಿಮಿಷದ್ದೇ ಸರಿ ಇತ್ತು, ಅಲ್ಲಿಗೇ ವಾಪಸ್ ಹೋಗಿ.

ಕಷಾಯ ಪುಡಿಗೆ ಒಣಶುಂಠಿ ಹಾಕುತ್ತಾರೆ, ಹಸಿ ಶುಂಠಿ ಹಾಕುವುದಿಲ್ಲ ಅಲ್ವಾ? ಹಸಿ ಶುಂಠಿ ಬೇಕಾದವರು ಲೋಟದ ಲೆಕ್ಕದಲ್ಲಿ ಆಗಲೇ ಜಜ್ಜಿ ಹಾಕಿಕೊಳ್ಳಬೇಕು. ಡಬ್ಬಿಗೆ ಹಾಕಿದರೆ ಇಡೀ ಪುಡಿ ಹಾಳು. ನೀವು ದಿನಾ ತಿದ್ದುವ ಹೆಡರು ಹಸಿ ಶುಂಠಿ ಇದ್ದ ಹಾಗೆ. ಪಿಸಿಎಚ್ ಒಳಗಿನ ಒಂದು ಅಕ್ಷರ ಬದಲಾದರೂ ಪಿಸಿಎಚ್ ಮತ್ತೆ ಆಗಬೇಕು, ಅದನ್ನು ನಂಬಿದ ಎಲ್ಲ ಫೈಲೂ ಮತ್ತೆ ಆಗಬೇಕು. ಒಂದು ಕಾಮೆಂಟ್ ತಿದ್ದಿದರೂ ಅಷ್ಟೇ.

ಲೆಕ್ಕ ನೀವೇ ಹಾಕಿ. ಪೂರ್ತಿ ಬಿಲ್ಡ್ ದಿನಕ್ಕೆ ಎಷ್ಟು ಸಲ ಮಾಡುತ್ತೀರಿ? ಒಂದೋ ಎರಡೋ. ಸಣ್ಣ ತಿದ್ದುಪಡಿ ಮಾಡಿ ಬಿಲ್ಡ್ ಒತ್ತುವುದು? ಐವತ್ತು ಸಲ ಅನ್ನೋಣ. ಅದರಲ್ಲಿ ಇಪ್ಪತ್ತು ಸಲ ಹೆಡರು ಮುಟ್ಟಿದರೂ, ಪ್ರತಿ ಸಲ 20 ಸೆಕೆಂಡಿನ ಬದಲು 3 ನಿಮಿಷ ಅಂದರೆ ದಿನಕ್ಕೆ 53 ನಿಮಿಷ ಜಾಸ್ತಿ ಕಾಯುತ್ತೀರಿ. ಪೂರ್ತಿ ಬಿಲ್ಡಿನಲ್ಲಿ ಉಳಿಸಿದ್ದು ಒಂದು ನಿಮಿಷ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಇದೇ ಆಗಿತ್ತು, ಅದೂ ಯಾರಿಗೂ ಕಾಣದ ಹಾಗೆ. ಪಿಸಿಎಚ್ ಒಳಗೆ ಒಂದು ಕಾನ್ಫಿಗ್ ಹೆಡರು, ಅದರೊಳಗೆ ಒಂದು ವರ್ಷನ್ ಹೆಡರು. ಆ ವರ್ಷನ್ ಹೆಡರನ್ನು ಒಂದು ಸ್ಕ್ರಿಪ್ಟ್ ಪ್ರತಿ ಬಿಲ್ಡಿಗೂ ಹೊಸದಾಗಿ ಬರೆಯುತ್ತಿತ್ತು, ದಿನಾಂಕ ಮತ್ತು ಸಮಯ ಹಾಕಿ. ಅಂದರೆ ಏನನ್ನೂ ಮುಟ್ಟದೆ ಸುಮ್ನೆ ಬಿಲ್ಡ್ ಒತ್ತಿದರೂ ಪೂರ್ತಿ ಪ್ರಾಜೆಕ್ಟ್ ಮೊದಲಿನಿಂದ. ಹದಿನೈದು ಜನ ತಿಂಗಳುಗಟ್ಟಲೆ ಅದನ್ನು ಸಹಿಸಿಕೊಂಡರು, ದೊಡ್ಡ ಪ್ರಾಜೆಕ್ಟ್ ಅಂದರೆ ಹೀಗೇ ಅಂತ. ಕೊನೆಗೆ ಬಿಲ್ಡ್ ನಡೆಸುತ್ತಿದ್ದ ನಿಂಜಾಗೆ ಡ್ಯಾಶ್ ಡಿ ಎಕ್ಸ್‌ಪ್ಲೇನ್ ಕೊಟ್ಟು ಓಡಿಸಿದಾಗ ಯಾವ ಫೈಲು ಯಾಕೆ ಮತ್ತೆ ಆಗುತ್ತಿದೆ ಅಂತ ಅದೇ ಬಾಯಿಬಿಟ್ಟು ಹೇಳಿತು. ವರ್ಷನ್ ಹೆಡರನ್ನು ಅದು ಬೇಕಾದ ಒಂದೇ ಸಿಪಿಪಿ ಫೈಲಿಗೆ ಸರಿಸಿದೆವು. ಆ ಸಂಜೆ ಎಲ್ಲರ ಮುಖ ನೋಡಬೇಕಿತ್ತು. ಅಷ್ಟು ದಿನ ಕಾದದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಮ್ಮ ಪಿಸಿಎಚ್ ಒಳಗೆ ಕರೆದ ಹೆಡರು ಮಾತ್ರ ಅಲ್ಲ, ಅವು ಕರೆಯುವ ಹೆಡರುಗಳನ್ನೂ ನೋಡಿ. ಜಿಸಿಸಿಗೆ ಡ್ಯಾಶ್ ದೊಡ್ಡ ಎಚ್ ಕೊಟ್ಟರೆ ಪೂರ್ತಿ ಮರ ಬರುತ್ತದೆ. ನಿಮ್ಮ ಸ್ವಂತ ಫೋಲ್ಡರಿನ ಒಂದೇ ಒಂದು ಹೆಸರು ಅಲ್ಲಿ ಕಂಡರೂ ಯಾಕಿದೆ ಅಂತ ವಿಚಾರಿಸಿ. ವರ್ಷಗಟ್ಟಲೆ ಬದಲಾಗದ ಸ್ವಂತ ಹೆಡರು ಒಂದೆರಡು ಇದ್ದರೆ ಇರಲಿ, ನನ್ನ ತಕರಾರಿಲ್ಲ.

ಇದರ ಜೊತೆಗೇ ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಪಿಸಿಎಚ್ ಎಲ್ಲ ಕಡೆ ಇದೆ ಅಂತ ಸಿಪಿಪಿ ಫೈಲುಗಳಲ್ಲಿ ವೆಕ್ಟರ್, ಸ್ಟ್ರಿಂಗ್ ಇನ್‌ಕ್ಲೂಡ್ ಬರೆಯುವುದನ್ನೇ ಬಿಟ್ಟುಬಿಡುತ್ತೇವೆ. ನಡೆಯುತ್ತದೆ, ನಡೆಯುತ್ತಲೇ ಇರುತ್ತದೆ. ಒಂದು ದಿನ ಆ ಫೈಲನ್ನು ಬೇರೆ ಪ್ರಾಜೆಕ್ಟಿಗೆ ಒಯ್ದರೆ ನೂರು ಎರರ್. ಪ್ರತಿ ಫೈಲೂ ತನಗೆ ಬೇಕಾದ್ದನ್ನು ತಾನೇ ಕರೆಯಬೇಕು, ಪಿಸಿಎಚ್ ಇದ್ದರೂ ಇಲ್ಲದಿದ್ದರೂ. ಎರಡನೇ ಸಲ ಓದದಂತೆ ತಡೆಯುವ ಗಾರ್ಡ್ ಹೆಡರಿಗೆ ಇರುವುದರಿಂದ ಮತ್ತೆ ಕರೆದರೆ ಏನೂ ಖರ್ಚಾಗುವುದಿಲ್ಲ. ಸಿಮೇಕ್‌ನಲ್ಲಿ ಸಿಮೇಕ್_ಡಿಸೇಬಲ್_ಪ್ರಿಕಂಪೈಲ್_ಹೆಡರ್ಸ್ ಅನ್ನು ಆನ್ ಮಾಡಿ ವಾರಕ್ಕೊಮ್ಮೆ, ರಾತ್ರಿ ಮಲಗುವ ಮೊದಲು, ಬೇರೆ ಫೋಲ್ಡರಿನಲ್ಲಿ ಒಂದು ಬಿಲ್ಡ್ ಬಿಟ್ಟು ಹೋಗಿ. ಬೆಳಿಗ್ಗೆ ಯಾವ ಫೈಲಿನಲ್ಲಿ ಏನು ಬಿಟ್ಟಿದ್ದೀರಿ ಅಂತ ಪಟ್ಟಿ ತಯಾರಿರುತ್ತದೆ.

ಪ್ರಶ್ನೆ: ತಂಗೀ, ಯಲ್ಲಾಪುರದಿಂದ ಬರೆಯುತ್ತಿದ್ದೇನೆ. ನನ್ನ ಮಗ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾನೆ. ಎಷ್ಟೋ ಹೊತ್ತು ಪರದೆ ನೋಡುತ್ತ ಸುಮ್ನೆ ಕೂತಿರುತ್ತಾನೆ. ಕೇಳಿದರೆ ಬಿಲ್ಡ್ ಆಗುತ್ತಿದೆ ಅನ್ನುತ್ತಾನೆ. ತೋಟಕ್ಕೆ ಹೋಗಿ ಬಾ ಅಂದರೆ ಈಗ ಮುಗಿಯುತ್ತದೆ ಇರಮ್ಮ ಅನ್ನುತ್ತಾನೆ. ಇದು ನಿಜವಾ?

ಉತ್ತರ: ನಿಜ ಅಮ್ಮಾ. ಮಗ ಸುಳ್ಳು ಹೇಳುತ್ತಿಲ್ಲ. ಅವನು ಬರೆದದ್ದನ್ನು ಕಂಪ್ಯೂಟರ್ ತನ್ನ ಭಾಷೆಗೆ ಇಳಿಸಿಕೊಳ್ಳುವ ಹೊತ್ತು ಅದು. ಅದು ಮುಗಿಯುವ ತನಕ ಮಾಡಿದ್ದು ಸರಿಯಾಗಿದೆಯಾ ಇಲ್ಲವಾ ಅಂತ ಅವನಿಗೆ ತಿಳಿಯುವುದಿಲ್ಲ. ಎದ್ದು ಹೋದರೆ ತಲೆಯಲ್ಲಿದ್ದ ಎಳೆ ತಪ್ಪುತ್ತದೆ, ಕೂತರೆ ಮಾಡಲು ಕೆಲಸ ಇಲ್ಲ. ಹತ್ತು ನಿಮಿಷದ ಈ ಕಾಯುವಿಕೆ ಹೊರಗಿನಿಂದ ಆರಾಮ ಅಂತ ಕಾಣುತ್ತದೆ, ಒಳಗೆ ತುಂಬಾ ದಣಿವು. ಈ ಪುಟವನ್ನು ಅವನ ಕೈಗೆ ಕೊಡಿ. ಇದರಲ್ಲಿ ಹೇಳಿದ್ದು ಅವನ ಕೆಲಸಕ್ಕೆ ಹೊಂದಿದರೆ ಕಾಯುವುದು ಎಷ್ಟೋ ಕಡಿಮೆ ಆಗಬಹುದು, ತೋಟಕ್ಕೂ ಬಂದಾನು.

ಪ್ರಶ್ನೆ: ಅಂಕೋಲಾದಿಂದ. ಲಿನಕ್ಸ್, ಜಿಸಿಸಿ, ಕೈಯಲ್ಲೇ ಬರೆದ ಮೇಕ್‌ಫೈಲು. ಪಿಸಿಎಚ್.ಎಚ್.ಜಿಸಿಎಚ್ ಮಾಡಿದ್ದೇನೆ, 60 ಎಂಬಿ ಫೈಲು ಬಂದಿದೆ. ಆದರೆ ಬಿಲ್ಡ್ ಸಮಯ ಒಂದು ಸೆಕೆಂಡೂ ಕಡಿಮೆ ಆಗಿಲ್ಲ. ಎರರ್ ಕೂಡ ಇಲ್ಲ.

ಉತ್ತರ: ಜಿಸಿಸಿ ನಿಮ್ಮ ಜಿಸಿಎಚ್ ಫೈಲನ್ನು ಬಳಸುತ್ತಲೇ ಇಲ್ಲ. ಬಳಸಲು ಆಗದಿದ್ದರೆ ಅದು ದೂರು ಹೇಳುವುದಿಲ್ಲ, ಬಾಯಿ ಮುಚ್ಚಿಕೊಂಡು ಮಾಮೂಲಿ ಹೆಡರು ಓದುತ್ತದೆ. ಬಾಯಿ ಬಿಡಿಸಲು ಡ್ಯಾಶ್ ಡಬ್ಲ್ಯೂ ಇನ್‌ವ್ಯಾಲಿಡ್-ಪಿಸಿಎಚ್ ಕೊಡಿ. ಡ್ಯಾಶ್ ದೊಡ್ಡ ಎಚ್ ಕೊಟ್ಟರೂ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಜಿಸಿಎಚ್ ಎದುರು ಆಶ್ಚರ್ಯಸೂಚಕ ಇದ್ದರೆ ಬಳಸಿದೆ, ಎಕ್ಸ್ ಗುರುತು ಇದ್ದರೆ ನೋಡಿ ಬಿಟ್ಟಿದೆ. ಜಿಸಿಎಚ್ ಹೆಸರೇ ಇಲ್ಲದಿದ್ದರೆ ಅದರ ಕಣ್ಣಿಗೇ ಬಿದ್ದಿಲ್ಲ.

ಎಕ್ಸ್ ಬಂದರೆ ಆಯ್ಕೆಗಳು ಹೊಂದುತ್ತಿಲ್ಲ ಅಂತ ಅರ್ಥ. ಪಿಸಿಎಚ್ ಮಾಡುವಾಗ ಡ್ಯಾಶ್ ಎಫ್‌ಪಿಐಸಿ ಬಿಟ್ಟು, ಸಿಪಿಪಿಗೆ ಹಾಕಿದರೆ ನಡೆಯುವುದಿಲ್ಲ. ಡ್ಯಾಶ್ ಜಿ, ಭಾಷೆಯ ಆವೃತ್ತಿ, ಡಿಫೈನ್‌ಗಳು ಎಲ್ಲ ಒಂದೇ ಇರಬೇಕು, ಕಂಪೈಲರೂ ಅದೇ ಇರಬೇಕು. ಸಿಸ್ಟಂ ಅಪ್‌ಡೇಟ್ ಆಗಿ ಜಿಸಿಸಿ ಬದಲಾದರೆ ಹಳೇ ಜಿಸಿಎಚ್ ಕಸ. ಮೇಕ್‌ಫೈಲಿನಲ್ಲಿ ಎರಡಕ್ಕೂ ಒಂದೇ ವೇರಿಯೇಬಲ್ ಬಳಸಿ, ತಂಟೆಯೇ ಇಲ್ಲ.

ಹೆಸರೇ ಬರದಿದ್ದರೆ ಜಾಗದ ಸಮಸ್ಯೆ. ನನ್ನ ಊಹೆ ಇದೇ ಅಂತ. ನೀವು ಪಿಸಿಎಚ್.ಎಚ್ ಅನ್ನು ಸೋರ್ಸ್ ಫೋಲ್ಡರಿನಲ್ಲಿ ಇಟ್ಟು, ಜಿಸಿಎಚ್ ಅನ್ನು ಬಿಲ್ಡ್ ಫೋಲ್ಡರಿಗೆ ಹಾಕಿರಬೇಕು. ಜಿಸಿಸಿ ಒಂದೊಂದೇ ಫೋಲ್ಡರಿಗೆ ಹೋಗಿ ಅಲ್ಲಿ ಮೊದಲು ಜಿಸಿಎಚ್ ಇದೆಯಾ ನೋಡುತ್ತದೆ, ಇಲ್ಲದಿದ್ದರೆ ಅಲ್ಲೇ ಇರುವ ಹೆಡರು ತೆಗೆದುಕೊಳ್ಳುತ್ತದೆ. ಸಿಪಿಪಿ ಪಕ್ಕದಲ್ಲೇ ಹೆಡರು ಸಿಕ್ಕಿದ ಮೇಲೆ ಬಿಲ್ಡ್ ಫೋಲ್ಡರಿನ ತನಕ ಅದು ಬರುವುದೇ ಇಲ್ಲ. ಎರಡನ್ನೂ ಒಂದೇ ಕಡೆ ಇಡಿ. ಇನ್ನು, ಪಿಸಿಎಚ್ ಇನ್‌ಕ್ಲೂಡ್ ಫೈಲಿನ ಮೊದಲಲ್ಲೇ ಇರಬೇಕು, ಅದಕ್ಕೂ ಮೇಲೆ ಕೋಡು ಬಂದರೆ ಆಗದು. ಒಂದು ಫೈಲಿಗೆ ಒಂದೇ ಪಿಸಿಎಚ್, ಎರಡು ಹಾಕಲು ಆಗುವುದಿಲ್ಲ.

ಕೈಯಲ್ಲಿ ಬರೆದ ಮೇಕ್‌ಫೈಲಿನಲ್ಲಿ ಜಿಸಿಎಚ್ ಯಾವ ಯಾವ ಹೆಡರನ್ನು ನಂಬಿದೆ ಅಂತ ಬರೆಯುವುದನ್ನೂ ಮರೆಯಬೇಡಿ. ಅದನ್ನು ಹೊಸದಾಗಿ ಇಡುವ ಜವಾಬ್ದಾರಿ ಮೇಕ್‌ನದು, ಕಂಪೈಲರಿನದಲ್ಲ.

ಪ್ರಶ್ನೆ: ಹೊನ್ನಾವರದಿಂದ. ಸಿ++20ರಲ್ಲಿ ಮಾಡ್ಯೂಲ್ ಬಂದಿದೆ, ಇನ್ನು ಪ್ರಿಕಂಪೈಲ್ಡ್ ಹೆಡರ್ ಕಲಿಯುವುದು ವ್ಯರ್ಥ ಅಂತ ನಮ್ಮ ಆಫೀಸಿನಲ್ಲಿ ಹೇಳುತ್ತಾರೆ. ಮತ್ತೊಬ್ಬರು ಸಿಕ್ಯಾಶ್ ಇದ್ದರೆ ಇದೆಲ್ಲ ಬೇಡ ಅನ್ನುತ್ತಾರೆ. ಯಾರು ಸರಿ?

ಉತ್ತರ: ಮಾಡ್ಯೂಲ್ ಒಳ್ಳೆಯದು, ದಾರಿ ಅದೇ. ಹೆಡರಿನ ಅಂಟಿಸುವ ಪದ್ಧತಿಯನ್ನೇ ಅದು ಬಿಡುತ್ತದೆ, ಮ್ಯಾಕ್ರೋ ಒಂದು ಕಡೆಯಿಂದ ಇನ್ನೊಂದು ಕಡೆ ಸೋರುವುದಿಲ್ಲ, ಸಿ++23ರಲ್ಲಿ ಇಂಪೋರ್ಟ್ ಎಸ್‌ಟಿಡಿ ಅಂತ ಒಂದೇ ಸಾಲಿನಲ್ಲಿ ಇಡೀ ಸ್ಟ್ಯಾಂಡರ್ಡ್ ಲೈಬ್ರರಿ ಬರುತ್ತದೆ. ಹೊಸ ಪ್ರಾಜೆಕ್ಟ್, ಹೊಸ ಕಂಪೈಲರ್, 2023ರ ಕೊನೆಗೆ ಬಂದ ಸಿಮೇಕ್ 3.28 ಅಥವಾ ಮುಂದಿನದು ಇದ್ದರೆ ಖಂಡಿತ ಮಾಡಿ ನೋಡಿ. ಆದರೆ ಹತ್ತು ವರ್ಷದ ಹಳೇ ಕೋಡನ್ನು ಮಾಡ್ಯೂಲಿಗೆ ತರುವುದು ತಿಂಗಳುಗಳ ಕೆಲಸ. ಪಿಸಿಎಚ್ ಒಂದು ಮಧ್ಯಾಹ್ನದ ಕೆಲಸ, ಕೋಡು ಮುಟ್ಟುವುದೂ ಬೇಡ. ಇವತ್ತು ಕಾಯುತ್ತಿರುವವರಿಗೆ ಇವತ್ತಿನ ಔಷಧ ಬೇಕು.

ಸಿಕ್ಯಾಶ್ ಬೇರೆ ವಿಷಯ. ಅದೇ ಫೈಲನ್ನು ಅದೇ ರೀತಿ ಮತ್ತೆ ಕಂಪೈಲ್ ಮಾಡಿದರೆ ಹಳೇ ಫಲಿತಾಂಶ ಎತ್ತಿಕೊಡುತ್ತದೆ. ಬ್ರ್ಯಾಂಚ್ ಬದಲಿಸಿ ವಾಪಸ್ ಬಂದಾಗ, ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಮಾಡಿದಾಗ ಅದರ ಬೆಲೆ ಗೊತ್ತಾಗುತ್ತದೆ. ನೀವು ಈಗಷ್ಟೇ ತಿದ್ದಿದ ಫೈಲಿಗೆ ಅದರಿಂದ ಏನೂ ಸಹಾಯ ಇಲ್ಲ, ಅಲ್ಲಿ ಪಿಸಿಎಚ್ ಬೇಕು. ಎರಡೂ ಒಟ್ಟಿಗೆ ಇರಬಹುದು, ಆದರೆ ಸುಮ್ನೆ ಇಟ್ಟರೆ ಸಿಕ್ಯಾಶ್ ಕೆಲಸ ಮಾಡುವುದಿಲ್ಲ. ಸಿಕ್ಯಾಶ್ ಸ್ಲಾಪಿನೆಸ್ ಅನ್ನುವ ಸೆಟ್ಟಿಂಗಿಗೆ ಪಿಸಿಎಚ್_ಡಿಫೈನ್ಸ್ ಮತ್ತು ಟೈಮ್_ಮ್ಯಾಕ್ರೋಸ್ ಎರಡನ್ನೂ ಕೊಡಬೇಕು, ಜಿಸಿಸಿ ಆದರೆ ಡ್ಯಾಶ್ ಎಫ್‌ಪಿಸಿಎಚ್-ಪ್ರಿಪ್ರೋಸೆಸ್ ಕೂಡ. ಹಾಕಿದ ಮೇಲೆ ಪ್ರತಿ ಸಲವೂ ಬಿಲ್ಡ್ ಫೋಲ್ಡರ್ ಅಳಿಸಿ ಎರಡು ಸಲ ಬಿಲ್ಡ್ ಮಾಡಿ, ಸಿಕ್ಯಾಶ್ ಡ್ಯಾಶ್ ಎಸ್ ಒತ್ತಿ ನೋಡಿ. ಎರಡನೇ ಸಲ ಹಿಟ್ ಸಂಖ್ಯೆ ಏರದಿದ್ದರೆ ನಿಮ್ಮ ಸೆಟ್ಟಿಂಗು ಮತ್ತು ಆ ಪಟ್ಟಿ ಎರಡನ್ನೂ ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ನೋಡೋಣ.